ಕಡಲಿನ ವ್ಯಾಜ್ಯಕ್ಕೆ ಖಲಾಸಿಯ ಸಾಕ್ಷಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಅಪ್ಪ ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲಿ ಮೂಟೆ ಹೊರುವವರು. ಅಜ್ಜ ಅದೇ ದಕ್ಕೆಯಿಂದ ಹೊರಡುತ್ತಿದ್ದ ಮಂಜಿಗಳಲ್ಲಿ ಖಲಾಸಿಯಾಗಿದ್ದವರು. ಮಂಜಿಯೆಂದರೆ ಸರಕು ಸಾಗಿಸುವ ಮರದ ಹಡಗು. ಇಲ್ಲಿಂದ ಅಕ್ಕಿ, ಹಂಚು, ತರಕಾರಿ ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗಿ, ಅಲ್ಲಿಂದ ಕೊಬ್ಬರಿ, ಹುರಿಹಗ್ಗ ತರುವುದು ಅದರ ಹಳೆಯ ಕಸುಬು. 1956ರ ತನಕ ಅಮೀನಿದಿವಿ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದನ್ನು ನೆನೆದರೆ ಈ ನಂಟು ಎಷ್ಟು ಹತ್ತಿರದ್ದೆಂಬುದು ತಿಳಿಯುವುದು.

ಅಜ್ಜ ಹೇಳುತ್ತಿದ್ದ ಕತೆಗಳಲ್ಲಿ ಒಂದನ್ನು ನಾನು ಮರೆಯಲಾರೆ. ಒಮ್ಮೆ ಅವರಿದ್ದ ಮಂಜಿಯು ನಡುಗಡಲಿನಲ್ಲಿ ಗಾಳಿಮಳೆಗೆ ಸಿಕ್ಕಿ ಅಕ್ಕಿಯ ಚೀಲಗಳು ನೆನೆದುಹೋದುವಂತೆ. ದಡಕ್ಕೆ ಬಂದ ಮೇಲೆ ತಕರಾರು ಎದ್ದಿತು. ಖಲಾಸಿಗಳು ಟರ್ಪಾಲನ್ನು ಸರಿಯಾಗಿ ಹೊದಿಸಲಿಲ್ಲವೆಂದು ಒಬ್ಬರು, ಗಾಳಿಗೆ ಯಾರೇನು ಮಾಡಿಯಾರೆಂದು ಇನ್ನೊಬ್ಬರು. ಟರ್ಪಾಲು ಹೊರಡುವ ಮೊದಲೇ ಹರಿದಿತ್ತೆಂಬುದು ಅಜ್ಜನಿಗೆ ಗೊತ್ತಿತ್ತು. ಯಾರೋ ಕಾಗದ ಹಿಡಿದುಕೊಂಡು ಬಂದು ಅವರನ್ನು ಕರೆದು ಕೇಳಿದರು, ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಆ ಸಲದ ಸಂಬಳ ಖಲಾಸಿಗಳ ಕೈಗೆ ಬರಲಿಲ್ಲ. "ನಾನು ಹೇಳಿದ್ದು ಎರಡು ಮಾತು ಮಗಾ, ಅವರು ಬರೆದದ್ದು ಎರಡು ಪುಟ. ಅದರೊಳಗೆ ಏನುಂಟೆಂದು ನನಗೆ ಯಾರೂ ಓದಿ ಹೇಳಲಿಲ್ಲ" ಎಂದು ಅಜ್ಜ ಸಾಯುವ ತನಕವೂ ಹೇಳುತ್ತಿದ್ದರು. ಅವರಿಗೆ ಸಂಬಳ ಹೋದುದಕ್ಕಿಂತ ಆ ಎರಡು ಪುಟಗಳದೇ ದೊಡ್ಡ ಕೊರಗಾಗಿತ್ತು.

ಈ ವರ್ಷ ಇತಿಹಾಸದ ಪಾಠದಲ್ಲಿ ಇಂಗ್ಲಿಷ್ ವರ್ತಕರು ಹಿಂದೂಸ್ಥಾನಕ್ಕೆ ಬಂದ ಕಾಲವನ್ನು ಓದುತ್ತಿದ್ದಾಗ ನನಗೆ ಒಂದು ಪ್ರಶ್ನೆ ಹುಟ್ಟಿತು. ಆ ಜನರು ವರ್ಷಗಟ್ಟಲೆ ಕಡಲಿನಲ್ಲಿ ತಿರುಗಿ ಲಕ್ಷಗಟ್ಟಲೆ ಬೆಲೆಯ ಸರಕು ಸಾಗಿಸುತ್ತಿದ್ದರಷ್ಟೆ. ಅವರಲ್ಲಿ ಜಗಳ ಬಂದಾಗ ತೀರ್ಪು ಹೇಗಾಗುತ್ತಿತ್ತು? ನಡುಗಡಲಿನಲ್ಲಿ ನಡೆದುದನ್ನು ಕಂಡವರು ಯಾರು? ಅವರ ಮಾತನ್ನು ಕೇಳಿದವರು ಯಾರು? ಇದನ್ನು ಹುಡುಕುತ್ತ ಹೋದಾಗ ನನಗೆ ದೊರೆತ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಡಲಿನ ವ್ಯಾಜ್ಯವು ನೆಲದ ವ್ಯಾಜ್ಯಕ್ಕಿಂತ ಹೇಗೆ ಭಿನ್ನವೆಂಬುದನ್ನು ನೋಡೋಣ. ಗದ್ದೆಯ ಅಂಚಿನ ವಿಷಯದಲ್ಲಿ ಜಗಳವಾದರೆ ಗಡಿಕಲ್ಲು ಉಂಟು, ನೆರೆಯವರು ಉಂಟು, ಶ್ಯಾನುಭೋಗರ ಲೆಕ್ಕ ಉಂಟು. ಬೇಕಾದರೆ ನ್ಯಾಯಾಧೀಶನೇ ಹೋಗಿ ನೋಡಿ ಬರಬಹುದು. ಕಡಲಿನಲ್ಲಿ ಇವಾವುವೂ ಇಲ್ಲ. ಅಲೆಗೆ ಗಡಿಕಲ್ಲಿಲ್ಲ, ಬಿರುಗಾಳಿಯು ರುಜು ಹಾಕಿ ಹೋಗುವುದಿಲ್ಲ. ಹಡಗು ಮುಳುಗಿತೆಂದರೆ ವ್ಯಾಜ್ಯದ ವಸ್ತುವೂ ಇಲ್ಲ, ಸ್ಥಳವೂ ಇಲ್ಲ. ಉಳಿಯುವುದು ಬದುಕಿ ಬಂದವರ ನೆನಪು ಮಾತ್ರ. ಆ ಬದುಕಿ ಬಂದವರಾದರೋ ಬಹುಪಾಲು ಖಲಾಸಿಗಳು, ಬಡಗಿಗಳು, ಅಡಿಗೆಯವರು. ಎಂದರೆ ನೆಲದ ಮೇಲೆ ಯಾರೂ ಕರೆದು ಮಾತಾಡಿಸದ ಮಂದಿ. ಸಾವಿರಾರು ಪೌಂಡಿನ ಮೆಣಸು ಯಾರ ಪಾಲಿಗೆ ಸೇರಬೇಕೆಂಬುದು ತಿಂಗಳಿಗೆ ಒಂದೆರಡು ಪೌಂಡು ಸಂಬಳದ ಇಂಥವರ ಬಾಯಿಮಾತಿನ ಮೇಲೆ ನಿಲ್ಲುತ್ತಿತ್ತು.

ಇಂಗ್ಲೆಂಡಿನ ಸಾಮಾನ್ಯ ನ್ಯಾಯಾಲಯಗಳಿಗೆ ಈ ಬಗೆಯ ವ್ಯಾಜ್ಯಗಳು ಸುಲಭವಾಗಿರಲಿಲ್ಲ. ಅಲ್ಲಿಯ ಪದ್ಧತಿಯಂತೆ ಸಂಗತಿ ನಡೆದ ನೆರೆಹೊರೆಯಿಂದ ಹನ್ನೆರಡು ಮಂದಿ ಪಂಚರನ್ನು ಕರೆಯಬೇಕು. ಸಮುದ್ರದ ನೆರೆಹೊರೆ ಯಾವುದು? ಈ ತೊಡಕಿಗೆ ವಕೀಲರು ಒಂದು ವಿಚಿತ್ರ ಉಪಾಯವನ್ನು ಹೂಡಿದರು. ಕಡಲಾಚೆಯ ಊರಿನಲ್ಲಿ ನಡೆದ ಕರಾರನ್ನು ಲಂಡನ್ ನಗರದ ಚೀಪ್ ಎಂಬ ಮೊಹಲ್ಲೆಯಲ್ಲಿ ನಡೆದುದೆಂದು ಕಾಗದದಲ್ಲಿ ಬರೆದುಬಿಡುವುದು! ಅದು ಸುಳ್ಳೆಂದು ವಾದಿಗೂ ಗೊತ್ತು, ಪ್ರತಿವಾದಿಗೂ ಗೊತ್ತು, ನ್ಯಾಯಾಧೀಶನಿಗೂ ಗೊತ್ತು. ಆದರೂ ಅದನ್ನು ಅಲ್ಲಗಳೆಯುವ ಹಾಗಿಲ್ಲ. ಬಂದರಿನ ಒಂದು ಊರನ್ನೇ ಎತ್ತಿಕೊಂಡು ಬಂದು ಲಂಡನ್ನಿನ ಪೇಟೆಯಲ್ಲಿ ಇಳಿಸುವ ಈ ಕಟ್ಟುಕತೆಯನ್ನು ಓದಿ ನಾನು ನಕ್ಕುದುಂಟು.

ಇದಕ್ಕಿಂತ ನೇರವಾದ ದಾರಿಯು ಅಡ್ಮಿರಾಲ್ಟಿ ನ್ಯಾಯಾಲಯದ್ದು. ಅಡ್ಮಿರಾಲ್ಟಿ ಎಂದರೆ ನೌಕಾಧಿಪತಿಯ ಅಧಿಕಾರಕ್ಕೆ ಸೇರಿದ ನ್ಯಾಯಸ್ಥಾನ. ಇದು ಇಂಗ್ಲೆಂಡಿನ ಸಾಮಾನ್ಯ ಕಾನೂನನ್ನು ಬಿಟ್ಟು ಯುರೋಪು ಖಂಡದಲ್ಲೆಲ್ಲ ನಡೆಯುತ್ತಿದ್ದ ರೋಮನ್ ಕಾನೂನಿನ ಪದ್ಧತಿಯನ್ನು ಅನುಸರಿಸುತ್ತಿತ್ತು. ಡಚ್ಚರು, ಪೋರ್ಚುಗೀಸರು, ಫ್ರೆಂಚರು ಎಲ್ಲರೂ ಕಾದಾಡುವ ಕಡಲಿಗೆ ಒಂದೇ ದೇಶದ ಕಟ್ಟಳೆಯು ಸಾಲದೆಂಬುದೇ ಇದಕ್ಕೆ ಕಾರಣ. ಹದಿನೇಳನೆಯ ಶತಮಾನದ ಮೊದಲಲ್ಲಿ ಸರ್ ಎಡ್ವರ್ಡ್ ಕೋಕನಂಥ ಸಾಮಾನ್ಯ ಕಾನೂನಿನ ಪಂಡಿತರು ಈ ನ್ಯಾಯಾಲಯದ ಅಧಿಕಾರವನ್ನು ಕತ್ತರಿಸಲು ಬಹಳ ಹೆಣಗಿದರು. ಆದರೂ ಹಡಗಿನ ಬಾಡಿಗೆ, ಖಲಾಸಿಗಳ ಸಂಬಳ, ಹಡಗು ಹಡಗಿಗೆ ಡಿಕ್ಕಿ, ಕೆಟ್ಟುಹೋದ ಸರಕು, ಶತ್ರುಗಳು ಹಿಡಿದ ಹಡಗು ಇತ್ಯಾದಿ ವ್ಯಾಜ್ಯಗಳು ಅಲ್ಲಿಗೆ ಬರುತ್ತಲೇ ಇದ್ದವು.

ಅಲ್ಲಿ ಸಾಕ್ಷಿಯನ್ನು ಕೇಳುತ್ತಿದ್ದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಸಿನಿಮಾದಲ್ಲಿ ಕಾಣುವಂತೆ ತುಂಬಿದ ಸಭೆಯಲ್ಲಿ ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ ವಕೀಲರು ಗದರಿಸುವ ಪದ್ಧತಿ ಅಲ್ಲಿರಲಿಲ್ಲ. ವಾದಿಯು ತನ್ನ ದೂರನ್ನು ಒಂದು, ಎರಡು, ಮೂರು ಎಂದು ಕಲಮುಗಳಾಗಿ ಬರೆದು ಕೊಡಬೇಕು. ಬಳಿಕ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಪ್ರತ್ಯೇಕ ಕೂರಿಸಿ, ಪ್ರಮಾಣ ಮಾಡಿಸಿ, ಆ ಕಲಮುಗಳ ಮೇಲೆ ಕ್ರಮವಾಗಿ ಪ್ರಶ್ನಿಸುತ್ತಿದ್ದರು. ವಾದಿಪ್ರತಿವಾದಿಗಳು ಎದುರಿಗಿರುವ ಹಾಗಿಲ್ಲ. ಎಲ್ಲ ಸಾಕ್ಷಿಗಳ ಹೇಳಿಕೆ ಮುಗಿಯುವ ತನಕ ಒಬ್ಬನು ಹೇಳಿದುದು ಇನ್ನೊಬ್ಬನ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಈ ಕ್ರಮದ ಮುಖ್ಯ ತತ್ತ್ವ. ಕಲಮಿನ ವಿಷಯ ತಿಳಿಯದಿದ್ದರೆ ಸಾಕ್ಷಿಯು "ತಿಳಿಯದು" ಎನ್ನಬಹುದು, ಹಾಗೆಂದೇ ಬರೆದುಕೊಳ್ಳುತ್ತಿದ್ದರು. ಇಂಗ್ಲಿಷ್ ಬಾರದ ವಿದೇಶೀಯನಿಗೆ ದುಭಾಷಿಯೂ ಇರುತ್ತಿದ್ದನು.

ಹೇಳಿಕೆಯ ಮೊದಲಿಗೇ ಸಾಕ್ಷಿಯ ಹೆಸರು, ವಾಸದ ಊರು, ಕಸುಬು, ವಯಸ್ಸುಗಳು ಬರುತ್ತವೆ. ವ್ಯಾಪಿಂಗ್, ರ‍್ಯಾಟ್‌ಕ್ಲಿಫ್, ಲೈಮ್‌ಹೌಸ್ ಮೊದಲಾದ ಲಂಡನ್ನಿನ ಪೂರ್ವ ಭಾಗದ ಹಳ್ಳಿಗಳು ಆ ಕಾಲದ ಖಲಾಸಿಗಳ ಬೀಡು. ನಮ್ಮ ಬಂದರು, ಬೋಳಾರ, ಬೆಂಗ್ರೆಗಳ ಹಾಗೆ. ವಯಸ್ಸನ್ನು ಬರೆಯುವಲ್ಲಿ ಸಾಮಾನ್ಯವಾಗಿ 'ಸುಮಾರು' ಎಂಬ ಮಾತೊಂದು ಸೇರುತ್ತದೆ. ಸುಮಾರು ಮೂವತ್ತು, ಸುಮಾರು ನಲವತ್ತು. ನಮ್ಮ ಅಜ್ಜನಿಗೂ ತಮ್ಮ ವಯಸ್ಸು ಸುಮಾರಾಗಿಯೇ ಗೊತ್ತಿತ್ತು. ಹೇಳಿಕೆಯನ್ನು ಬರೆದು ಮುಗಿಸಿದ ಮೇಲೆ ಸಾಕ್ಷಿಯು ನ್ಯಾಯಾಧೀಶನ ಮುಂದೆ ಅದು ತನ್ನದೇ ಮಾತೆಂದು ಒಪ್ಪಿಕೊಳ್ಳಬೇಕು. ಬಳಿಕ ರುಜು ಹಾಕುವುದು. ಬರೆಯಬಲ್ಲವನು ಹೆಸರು ಬರೆದನು. ಬರೆಯಲಾರದವನು ತನ್ನ ಗುರುತನ್ನು ಹಾಕಿದನು. ಕೆಲವರು ಹೆಸರಿನ ಮೊದಲಕ್ಷರವನ್ನು ಗೀಚಿದರು. ಲಂಗರಿನ ಚಿತ್ರ ಬರೆದವರೂ ಉಂಟು.

ಇನ್ನು ಸಾಕ್ಷಿಗಳು ಏನನ್ನು ಹೇಳುತ್ತಿದ್ದರೆಂಬುದು. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯೋಣ. ಲಂಡನ್ನಿಗೆ ಬಂದ ಮೆಣಸು ನೆನೆದುಹೋಗಿದೆಯೆನ್ನಿ. ವರ್ತಕನು ಕಪ್ತಾನನ ಮೇಲೆ ದಾವೆ ಹೂಡುತ್ತಾನೆ. ಆಗಿನ ಕಾನೂನಿನಂತೆ ಬಿರುಗಾಳಿಯಿಂದ ನಷ್ಟವಾಗಿದ್ದರೆ ಕಪ್ತಾನನು ಹೊಣೆಯಲ್ಲ. ಹಡಗಿನ ಹಲಗೆ ಸಡಿಲವಾಗಿದ್ದರೆ ಅಥವಾ ಸರಕನ್ನು ಸರಿಯಾಗಿ ಜೋಡಿಸದೆ ಇದ್ದರೆ ಅವನು ಹೊಣೆ. ಆದುದರಿಂದ ಪ್ರಶ್ನೆಯೆಲ್ಲ ಇಷ್ಟೇ: ನೀರು ಎಲ್ಲಿಂದ ಬಂತು? ಇದನ್ನು ಪೂರ್ತಿಯಾಗಿ ಬಲ್ಲವರು ಒಬ್ಬರೂ ಇಲ್ಲ. ಹೊರಡುವಾಗ ಹಲಗೆಗಳ ಸಂದು ಬಿಗಿಯಾಗಿದ್ದುವೇ ಎಂಬುದನ್ನು ಹಡಗಿನ ಬಡಗಿ ಬಲ್ಲನು. ಪಂಪಿನ ಬಳಿ ಎಷ್ಟು ಅಂಗುಲ ನೀರು ನಿಂತಿತ್ತೆಂಬುದನ್ನು ಆ ಹೊತ್ತಿನ ಕಾವಲಿನವನು ಬಲ್ಲನು. ಚೀಲಗಳ ಕೆಳಗೆ ಹಲಗೆ ಚಾಪೆಗಳನ್ನು ಹಾಸಿದ್ದರೇ ಎಂಬುದನ್ನು ಸರಕು ಜೋಡಿಸಿದವನು ಬಲ್ಲನು. ದಡಕ್ಕೆ ತರುವಾಗ ಸಣ್ಣ ದೋಣಿಯಲ್ಲಿ ನೆನೆಯಿತೇ ಎಂಬುದನ್ನು ದೋಣಿಯವನು ಬಲ್ಲನು. ಒಬ್ಬೊಬ್ಬನ ಕೈಯಲ್ಲಿಯೂ ಸತ್ಯದ ಒಂದೊಂದು ಚೂರು. ಅವನ್ನು ಜೋಡಿಸುವುದು ನ್ಯಾಯಾಧೀಶನ ಕೆಲಸ.

ಆದರೆ ಕಂಡವರೆಲ್ಲ ನಿಜ ಹೇಳುವರೇ? 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನಮ್ಮಲ್ಲಿಲ್ಲವೇ? ಖಲಾಸಿಗೂ ತನ್ನ ಹೊಟ್ಟೆಯ ಚಿಂತೆ ಇತ್ತು. ಆ ಕಾಲದ ನೌಕಾ ಕಾನೂನಿನಲ್ಲಿ ಸಾಗಾಟದ ಬಾಡಿಗೆಯೇ ಸಂಬಳದ ತಾಯಿ ಎಂಬ ಸೂತ್ರವೊಂದಿತ್ತು. ಹಡಗು ಸರಕನ್ನು ತಲುಪಿಸಿ ಬಾಡಿಗೆ ಗಳಿಸಿದರೆ ಮಾತ್ರ ಖಲಾಸಿಗೆ ಸಂಬಳ. ಹಡಗು ಮುಳುಗಿ ಬಾಡಿಗೆ ಹೋಯಿತೆಂದರೆ ಅವನು ತಿಂಗಳುಗಟ್ಟಲೆ ದುಡಿದುದೂ ಹೋಯಿತು. ಅವನ ಅಲಕ್ಷ್ಯದಿಂದ ಸರಕು ಕೆಟ್ಟಿತೆಂದು ತೀರ್ಮಾನವಾದರೆ ಆ ನಷ್ಟವನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವುದೂ ಇತ್ತು. ಹೀಗಿರುವಾಗ "ಗಾಳಿಯಿಂದಲೇ ನೆನೆಯಿತು" ಎಂದು ಖಲಾಸಿ ಹೇಳಿದರೆ ಅದು ಕಂಡ ಮಾತೋ, ಸಂಬಳದ ಮಾತೋ?

ಇದನ್ನು ತಿಳಿಯಲೆಂದೇ ಎದುರು ಪಕ್ಷದವರು ಇನ್ನೊಂದು ಪ್ರಶ್ನಾವಳಿಯನ್ನು ಬರೆದು ಕೊಡುತ್ತಿದ್ದರು. ನಿನ್ನನ್ನು ಸಾಕ್ಷಿಗೆ ಕರೆದವರು ಯಾರು? ಅದಕ್ಕಾಗಿ ಏನು ಕೊಟ್ಟಿದ್ದಾರೆ? ಈ ಹಡಗಿನಲ್ಲಿ ನಿನ್ನ ಪಾಲಿದೆಯೇ? ನಿನಗೆ ಬರಬೇಕಾದ ಬಾಕಿ ಇದೆಯೇ? ಆ ದಿನ ನೀನು ಹಡಗಿನ ಯಾವ ಭಾಗದಲ್ಲಿ ನಿಂತಿದ್ದೆ? ಕಣ್ಣಾರೆ ಕಂಡೆಯೋ, ಬೇರೆಯವರು ಹೇಳಿದ್ದನ್ನು ಕೇಳಿದೆಯೋ? ಇವುಗಳ ಜತೆಗೆ ಒಂದು ಬೆರಗಿನ ಪ್ರಶ್ನೆಯೂ ಇರುತ್ತಿತ್ತು: ನಿನ್ನ ಕೈಯಲ್ಲಿದ್ದರೆ ನೀನು ಯಾರನ್ನು ಗೆಲ್ಲಿಸುವೆ? ಜಾಣರಾದ ಸಾಕ್ಷಿಗಳು ನ್ಯಾಯವಿದ್ದವರು ಗೆಲ್ಲಲಿ ಎಂದು ಉತ್ತರ ಕೊಟ್ಟು ಜಾರಿಕೊಳ್ಳುತ್ತಿದ್ದರು. ಒಬ್ಬನೇ ಸಾಕ್ಷಿಯ ಮಾತು ಪೂರ್ಣ ಪ್ರಮಾಣವಾಗದೆಂಬುದು ರೋಮನ್ ಕಾನೂನಿನ ಇನ್ನೊಂದು ಕಟ್ಟಳೆ. ಇಬ್ಬರ ಮಾತಾದರೂ ಕೂಡಬೇಕು. ನಮ್ಮ ದೇಶದಲ್ಲಿ ಈ ಲೆಕ್ಕವಿಲ್ಲ. 1872ರ ಸಾಕ್ಷ್ಯ ಕಾಯಿದೆಯೂ, ಅದರ ಸ್ಥಾನದಲ್ಲಿ 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇಷ್ಟೇ ಮಂದಿ ಸಾಕ್ಷಿಗಳು ಬೇಕೆಂದು ವಿಧಿಸುವುದಿಲ್ಲ.

ಇದೆಲ್ಲವೂ ದೂರದ ಲಂಡನ್ನಿನ ಮಾತಾಯಿತು, ನಮ್ಮ ಕರಾವಳಿಗೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ಉಂಟು. ಆ ಹಡಗುಗಳು ಹೇರಿಕೊಳ್ಳುತ್ತಿದ್ದ ಮೆಣಸಿನಲ್ಲಿ ನಮ್ಮ ಘಟ್ಟದ ಮೆಣಸೂ ಇತ್ತು. ಈಸ್ಟ್ ಇಂಡಿಯಾ ಕಂಪೆನಿಗೆ ಎದುರಾಳಿಯಾಗಿ ಸರ್ ವಿಲಿಯಂ ಕೋರ್ಟೀನ್ ಎಂಬ ಲಂಡನ್ನಿನ ವರ್ತಕನು ಒಂದು ಸಂಘವನ್ನು ಕಟ್ಟಿ, ಒಂದನೆಯ ಚಾರ್ಲ್ಸ್ ದೊರೆಯ ಅಪ್ಪಣೆಯನ್ನು ಪಡೆದು, 1636ರಲ್ಲಿ ಕಪ್ತಾನ ಜಾನ್ ವೆಡೆಲನ ಕೈಕೆಳಗೆ ಹಡಗುಗಳನ್ನು ಕಳುಹಿಸಿದನು. ಅವು ಗೋವೆಗೆ ಬಂದು 1637ರಲ್ಲಿ ಭಟ್ಕಳವನ್ನು ಮುಟ್ಟಿದವು. ಆಗ ಆ ಸೀಮೆಯನ್ನು ಆಳುತ್ತಿದ್ದವನು ಕೆಳದಿಯ ವೀರಭದ್ರ ನಾಯಕನು. ಹಡಗಿನಲ್ಲಿದ್ದ ಪೀಟರ್ ಮಂಡಿ ಎಂಬವನು ಘಟ್ಟ ಹತ್ತಿ ಇಕ್ಕೇರಿಗೆ ಹೋದ ನಿಯೋಗದಲ್ಲಿ ಸೇರಿ, ತಾನು ಕಂಡುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟನು. ಭಟ್ಕಳದಲ್ಲಿ ಇಂಗ್ಲಿಷರ ಕೋಠಿ ಆಯಿತು. ಮರುವರ್ಷ ಕಾರವಾರದಲ್ಲಿಯೂ ಆಯಿತು. ವೆಡೆಲನು ಮಾತ್ರ ಊರಿಗೆ ಮರಳಲಿಲ್ಲ. 1639ರಲ್ಲಿ ಹಿಂದಿರುಗುವ ದಾರಿಯಲ್ಲಿ ಅವನ ಹಡಗು ಕಾಣೆಯಾಯಿತು. ಬದುಕಿ ಬಂದು ಸಾಕ್ಷಿ ಹೇಳುವವರೇ ಇಲ್ಲದ ಕಡಲಿನ ಕತೆಗೆ ಇದೊಂದು ನಿದರ್ಶನ.

ಈ ಸಂಘದ ಮತ್ತೆರಡು ಹಡಗುಗಳ ವ್ಯಾಜ್ಯವಂತೂ ಇತಿಹಾಸಪ್ರಸಿದ್ಧವಾಯಿತು. ಬೋನಾ ಎಸ್ಪೆರಾಂಜಾ ಎಂಬುದನ್ನು 1643ರಲ್ಲಿ ಮಲಾಕ್ಕಾ ಜಲಸಂಧಿಯಲ್ಲಿ ಡಚ್ಚರು ಹಿಡಿದರು. ಅದೇ ವರ್ಷ ಹೆನ್ರಿ ಬೊನಾವೆಂಚುರ ಎಂಬುದು ಮಾರಿಷಸ್ ದ್ವೀಪದ ಬಳಿ ನೆಲಕ್ಕೆ ತಗುಲಿ ಡಚ್ಚರ ವಶವಾಯಿತು. ಒಂದು ಹಡಗನ್ನು ಶತ್ರುವಿನ ಸರಕಿದೆಯೆಂದು ಹಿಡಿದರೆ, ಸರಕು ಯಾರದು, ಹಡಗು ಯಾರದು, ಯಾವ ಬಾವುಟ ಹಾರುತ್ತಿತ್ತು ಎಂಬುದನ್ನೆಲ್ಲ ಸಾಕ್ಷಿಗಳಿಂದಲೇ ತಿಳಿಯಬೇಕಷ್ಟೆ. ಮೂಲವರ್ತಕರು ದಿವಾಳಿಯಾದರು, ಸತ್ತರು. ಸಾಲಗಾರರ ವಾರಸುದಾರರು ವ್ಯಾಜ್ಯವನ್ನು ಹೊತ್ತು ತಿರುಗಿದರು. 1662ರಲ್ಲಿ ಇಂಗ್ಲಿಷರೂ ಡಚ್ಚರೂ ಒಪ್ಪಂದ ಮಾಡಿಕೊಂಡು ಹಳೆಯ ನಷ್ಟಗಳನ್ನೆಲ್ಲ ಮರೆತುಬಿಡೋಣವೆಂದು ಬರೆದಾಗಲೂ, ಈ ಎರಡು ಹಡಗುಗಳ ದಾವೆ ಮಾತ್ರ ಮುಂದುವರಿಯಲಿ ಎಂದು ಪ್ರತ್ಯೇಕವಾಗಿ ಸೇರಿಸಬೇಕಾಯಿತು. ಇಪ್ಪತ್ತು ವರ್ಷಗಳ ಬಳಿಕವೂ ಆ ಕಡಲಿನ ನೆನಪು ಆರಿರಲಿಲ್ಲ. 1665ರಲ್ಲಿ ಆ ಎರಡು ದೇಶಗಳ ನಡುವೆ ಮತ್ತೆ ಯುದ್ಧವಾಗುವ ಮುನ್ನ ಎದ್ದ ದೂರುಗಳಲ್ಲಿ ಇದೂ ಒಂದಾಗಿತ್ತು.

ಇಲ್ಲಿ ನನ್ನ ಮನಸ್ಸಿಗೆ ಒಂದು ಕೊರತೆ ತೋರಿತು. ಇಂಗ್ಲಿಷ್ ಖಲಾಸಿಯ ಮಾತು ಲಂಡನ್ನಿನ ಕಡತದಲ್ಲಿ ಉಳಿಯಿತು. ಮಂಡಿಯ ಮಾತು ಅವನ ದಿನಚರಿಯಲ್ಲಿ ಉಳಿಯಿತು. ಆದರೆ ಅದೇ ಮೆಣಸನ್ನು ಬಳ್ಳಿಯಿಂದ ಕೊಯ್ದವನು, ಎತ್ತಿನ ಮೇಲೆ ಹೇರಿ ಘಟ್ಟ ಇಳಿಸಿದವನು, ಭಟ್ಕಳದ ದಂಡೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಗೆ ಏರಿಸಿದವನು, ಇವರೆಲ್ಲ ಏನು ಹೇಳುತ್ತಿದ್ದರು? ಅವರನ್ನು ನಾವು ಪರದೇಶದವರ ಕಣ್ಣಿನಿಂದಲೇ ನೋಡಬೇಕಾಗಿದೆ. ಈ ಕೊರತೆಯು ಆ ಕಾಲದ್ದು ಮಾತ್ರವೇ? ಇನ್ನೂ ಐನೂರು ವರ್ಷ ಹಿಂದಕ್ಕೆ ಹೋಗಿ ನಮ್ಮ ಮಂಗಳೂರಿನದೇ ಒಂದು ವ್ಯಾಪಾರದ ತಕರಾರನ್ನು ನೋಡೋಣ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ನೆಲಸಿದ್ದನು. ಈಗಿನ ಟ್ಯುನೀಷಿಯಾ ದೇಶದ ಮಹದಿಯಾ ಅವನ ಹುಟ್ಟೂರು. 1132ರ ಹೊತ್ತಿಗೆ ಇಲ್ಲಿಗೆ ಬಂದು 1149ರ ತನಕ, ಎಂದರೆ ಸುಮಾರು 17 ವರ್ಷ, ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಅವನಿಗೆ ಏಡನ್ನಿನ ಪಾಲುದಾರರು ಬರೆದ ಕಾಗದಗಳು ಈಜಿಪ್ತಿನ ಫುಸ್ತಾತಿನ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ದೇವರ ಹೆಸರಿದ್ದಿರಬಹುದಾದ ಕಾಗದವನ್ನು ನಾಶ ಮಾಡಬಾರದೆಂಬುದು ಅವರ ನಂಬಿಕೆ. 1896-97ರಲ್ಲಿ ವಿದ್ವಾಂಸರಾದ ಸಾಲೊಮನ್ ಶೆಕ್ಟರರು ಆ ರಾಶಿಯಲ್ಲಿ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಎಸ್. ಡಿ. ಗೊಯ್ಟೈನರು ಹಿಂದೂಸ್ಥಾನದ ವ್ಯಾಪಾರದ ಕಾಗದಗಳನ್ನು ಅದರಿಂದ ಆರಿಸಿ ಅಭ್ಯಾಸ ಮಾಡಿದರು. ಅಮಿತಾವ್ ಘೋಷರು 1992ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಕತೆ ಲೋಕಕ್ಕೆಲ್ಲ ತಿಳಿಯಿತು.

ಆ ಕಾಗದಗಳಲ್ಲಿ ಏಲಕ್ಕಿಯ ತಕರಾರೊಂದಿದೆ. ಬೆನ್ ಯಿಜು ಏಲಕ್ಕಿ ತರಿಸಿಕೊಡಲೆಂದು ಇಲ್ಲಿಯ ಒಬ್ಬನಿಗೆ ಮುಂಗಡ ಹಣ ಕೊಟ್ಟಿದ್ದನು. ಕಾಗದಗಳು ಅವನನ್ನು 'ಕಾರ್ದಾರ್' ಎಂದು ಕರೆಯುತ್ತವೆ. ಏಲಕ್ಕಿಯೂ ಬರಲಿಲ್ಲ, ಹಣವೂ ಬರಲಿಲ್ಲ. ಏಡನ್ನಿನ ಪಾಲುದಾರನೊಬ್ಬನು ಬರೆದ ಸಲಹೆ ವಿನೋದವಾಗಿದೆ: ಮೃದುವಾಗಿ ಕೇಳಿದ್ದು ಸಾಕು, ಸಾಲ ತೀರಿಸದವರಿಗೆ ನಾವು ಇಲ್ಲಿ ಬಹಿಷ್ಕಾರ ಹಾಕುತ್ತೇವೆಂದು ಹೆದರಿಸಿ ನೋಡು, ಅದಕ್ಕಾದರೂ ಅಂಜಿಯಾನು ಎಂಬುದು ಅದರ ಸಾರ. ಏಡನ್ನಿನ ಯಹೂದಿಗಳ ಬಹಿಷ್ಕಾರಕ್ಕೆ ಮಂಗಳೂರಿನ ದಲ್ಲಾಳಿ ಅಂಜಿದನೋ ಇಲ್ಲವೋ! ಆ ವರ್ಷ ಫಸಲು ಕೆಟ್ಟಿತ್ತೇ? ಘಟ್ಟದವರು ಅವನಿಗೆ ಮೋಸ ಮಾಡಿದರೇ? ಅಥವಾ ಅವನೇ ಮೋಸಗಾರನೇ? ನಮಗೆ ಕೇಳಿಸುವುದು ಹಣ ಕೊಟ್ಟವರ ಮಾತು ಮಾತ್ರ. ಎಂಟುನೂರಕ್ಕೂ ಮಿಕ್ಕಿ ವರ್ಷಗಳಿಂದ ಆ ಕಾರ್ದಾರನು ಬಾಕಿದಾರನಾಗಿಯೇ ಉಳಿದಿದ್ದಾನೆ. ಅವನ ಹೇಳಿಕೆಯನ್ನು ಬರೆದುಕೊಂಡವರಿಲ್ಲ.

ಅದೇ ಕಾಗದಗಳಲ್ಲಿ ಬೆನ್ ಯಿಜುವಿನ ಸೇವಕನೊಬ್ಬನೂ ಬರುತ್ತಾನೆ. ಯಜಮಾನನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ನಡೆಸಿದವನು ಅವನು. ಹೆಸರಿನ ಮೂರು ಅಕ್ಷರ ಮಾತ್ರ ಉಳಿದಿದ್ದು, ಅದು ನಮ್ಮ ತುಳುನಾಡಿನ 'ಬೊಮ್ಮ' ಎಂಬ ಹೆಸರೆಂದು ಹೇಳುವುದಕ್ಕೆ ಮಂಗಳೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಬಿ. ಎ. ವಿವೇಕ ರೈಯವರು ಘೋಷರಿಗೆ ನೆರವಾದರು. ಅವನು ಏಡನ್ನಿನಲ್ಲಿ ಕುಡಿದು ಹಣ ಕಳೆದನೆಂಬ ದೂರು ಕಾಗದದಲ್ಲಿದೆ. ಮುಂದಿನ ಕಾಗದಗಳಲ್ಲಿ ಅವನಿಗೆ ಗೌರವದ ವಂದನೆಗಳೂ ಇವೆ. ಅವನು ತಾನೇ ಹೇಳಿದ ಒಂದು ಮಾತೂ ಇಲ್ಲ.

ಆದರೆ ಆ ಉಗ್ರಾಣದಲ್ಲಿಯೇ ಇದಕ್ಕೆ ವಿರುದ್ಧವಾದ ಇನ್ನೊಂದು ಪತ್ರವೂ ದೊರೆತಿದೆ. ಏಡನ್ನಿನಿಂದ ನಮ್ಮ ಪಶ್ಚಿಮ ಕರಾವಳಿಯ ಕಡೆಗೆ 'ಕುಲಮಿ', ಎಂದರೆ ಕೊಲ್ಲಮ್ಮಿನ ಹಡಗು, ಮತ್ತೊಂದು ಹಡಗಿನೊಡನೆ ಹೊರಟಿತ್ತು. ಕುಲಮಿಯು ಊರು ಸೇರಲಿಲ್ಲ. ಅದರಲ್ಲಿದ್ದ ಒಬ್ಬ ಪ್ರಯಾಣಿಕನು ಸತ್ತನೆಂದು ನಂಬಬಹುದೇ? ಅವನ ಹೆಂಡತಿಯ ಬಾಳು ಈ ಪ್ರಶ್ನೆಯ ಮೇಲೆ ನಿಂತಿತ್ತು. ಏಡನ್ನಿನ ನ್ಯಾಯಸಭೆಯು ಜತೆಯ ಹಡಗಿನಲ್ಲಿದ್ದವರನ್ನು ವಿಚಾರಿಸಿತು. ಎರಡು ಹಡಗುಗಳೂ ಹತ್ತಿರ ಹತ್ತಿರವೇ ಸಾಗುತ್ತಿದ್ದುವು; ಒಂದು ರಾತ್ರಿ ಕುಲಮಿಯ ಜನರ ಕೂಗೂ ಗೋಳೂ ಕೇಳಿಸಿತು; ಬೆಳಗಾದಾಗ ಅದರ ಗುರುತೂ ಇರಲಿಲ್ಲ, ಎಂದು ಅವರು ಹೇಳಿದುದನ್ನು ಬರೆದುಕೊಂಡಿತು. ಅವರು ಮುಳುಗಿದ್ದನ್ನು ಕಂಡೆವೆನ್ನಲಿಲ್ಲ. ಕೇಳಿದ್ದನ್ನು ಕೇಳಿದೆವೆಂದರು, ಕಾಣದ್ದನ್ನು ಕಾಣಲಿಲ್ಲವೆಂದರು. ಕತ್ತಲಲ್ಲಿ ಕೇಳಿದ ಆ ಕೂಗು ಹೇಳಿದವರ ಹದವಾದ ಮಾತಿನಿಂದ ಇಂದಿಗೂ ನಮ್ಮ ಕಿವಿಗೆ ಮುಟ್ಟುತ್ತದೆ.

ಇದರಿಂದ ನಾನು ಕಲಿತ ಪಾಠ ಇಷ್ಟು. ಸಾಕ್ಷಿಯ ಬೆಲೆ ಸಾಕ್ಷಿಯ ಅಂತಸ್ತಿನಲ್ಲಿಲ್ಲ. ಅವನನ್ನು ಹೇಗೆ ಕೇಳಿದರು, ಅವನು ಎಲ್ಲಿ ನಿಂತು ಕಂಡನು, ಅವನಿಗೆ ಅದರಿಂದ ಲಾಭವೇನು, ಬರೆದುದು ಅವನ ಮಾತೇ ಎಂಬುದನ್ನು ಅವನಿಂದಲೇ ಒಪ್ಪಿಸಿಕೊಂಡರೇ, ಎಂಬ ನಾಲ್ಕು ಪ್ರಶ್ನೆಗಳಲ್ಲಿದೆ. ಲಂಡನ್ನಿನ ಅಡ್ಮಿರಾಲ್ಟಿ ನ್ಯಾಯಾಲಯವು ದೇವಲೋಕವಾಗಿರಲಿಲ್ಲ. ಅಲ್ಲಿಯ ಹೇಳಿಕೆಗಳೂ ಗುಮಾಸ್ತನ ಭಾಷೆಯಲ್ಲಿವೆ. 'ನಾನು' ಎಂದು ಖಲಾಸಿ ಹೇಳಿದುದನ್ನು ಗುಮಾಸ್ತನು 'ಈ ಸಾಕ್ಷಿಯು' ಎಂದು ತಿದ್ದಿದ್ದಾನೆ. ಆದರೂ ಲಂಗರಿನ ಗುರುತು ಹಾಕಿದ ಬಡವನ ಹೆಸರು, ಊರು, ಕಸುಬುಗಳು ಮೂರೂವರೆ ಶತಮಾನಗಳಿಗೂ ಮೀರಿ ಉಳಿದಿರುವುದು ಆ ಕ್ರಮದ ಹಿರಿಮೆಯಲ್ಲವೇ?

ನಮ್ಮಲ್ಲಿ ಇಂದು ಕಾನೂನು ಹಿಂದೆ ಬಿದ್ದಿಲ್ಲ. ಬ್ರಿಟಿಷರ ಕಾಲದ ಕಾಯಿದೆಗಳಂತೆ ನೌಕಾವ್ಯಾಜ್ಯದ ಅಧಿಕಾರವು ಮುಖ್ಯವಾಗಿ ಕಲ್ಕತ್ತೆ, ಬೊಂಬಾಯಿ, ಮದರಾಸುಗಳ ಉಚ್ಚ ನ್ಯಾಯಾಲಯಗಳಿಗಿತ್ತು. 2017ರ ಅಡ್ಮಿರಾಲ್ಟಿ ಕಾಯಿದೆಯು 1 ಏಪ್ರಿಲ್ 2018ರಿಂದ ಜಾರಿಗೆ ಬಂದು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೂ ಆ ಅಧಿಕಾರವನ್ನು ಕೊಟ್ಟಿದೆ. ಹಡಗಿನ ಮೇಲಿನ ಋಣಭಾರಗಳಲ್ಲಿ ನಾವಿಕರ ಸಂಬಳದ ಬಾಕಿಗೆ ಅದು ಮೊದಲ ಸ್ಥಾನವನ್ನಿತ್ತಿದೆ. ಬಾಡಿಗೆಯೇ ಸಂಬಳದ ತಾಯಿಯೆಂಬ ಹಳೆಯ ಸೂತ್ರಕ್ಕೆ ಇದು ತಕ್ಕ ಉತ್ತರ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ, ಮೇಲ್ಮನವಿಗೆ ಅವಕಾಶವಿರುವ ದಾವೆಗಳಲ್ಲಿ ನ್ಯಾಯಾಲಯವು ಬರೆದುಕೊಂಡ ಸಾಕ್ಷ್ಯವನ್ನು ಸಾಕ್ಷಿಯ ಎದುರಿನಲ್ಲಿ ಓದಿ, ತಪ್ಪಿದ್ದರೆ ತಿದ್ದಬೇಕೆಂದು 1976ರ ತಿದ್ದುಪಡಿಯ ತನಕ ಹೇಳುತ್ತಿತ್ತು. ಆದರೆ 2002ರ ತಿದ್ದುಪಡಿಯ ತರುವಾಯ ಸಾಕ್ಷಿಯ ಮೊದಲ ಹೇಳಿಕೆಯು ಪ್ರಮಾಣಪತ್ರದ ರೂಪದಲ್ಲಿ ಬರೆದು ತಂದುದಾಗಿರುತ್ತದೆ. ಓದು ಬಾರದವನಿಗೆ ಅದನ್ನು ಅವನ ಭಾಷೆಯಲ್ಲಿ ಓದಿ ತಿಳಿಸಬೇಕೆಂಬುದು ಸರಿಯೇ. ಓದಿ ತಿಳಿಸುವವನು ನಿಜವಾಗಿ ಓದಿದನೇ ಎಂಬುದು ಮಾತ್ರ ಕಾಯಿದೆಯ ಕೈಯಲ್ಲಿಲ್ಲ, ಮನುಷ್ಯನ ಕೈಯಲ್ಲಿದೆ.

ಈಗ ನಮ್ಮ ಕೇರಿಯವರು ಬ್ಯಾಂಕಿನ ಕಾಗದ, ಗುತ್ತಿಗೆದಾರನ ಕಾಗದ, ವಿಮೆಯ ಕಾಗದಗಳನ್ನು ಹಿಡಿದುಕೊಂಡು ಸಂಜೆ ನಮ್ಮ ಜಗಲಿಗೆ ಬರುತ್ತಾರೆ. "ಇದರಲ್ಲಿ ಏನುಂಟೆಂದು ಸ್ವಲ್ಪ ಓದಿ ಹೇಳು ಮಾರಾಯ" ಎನ್ನುತ್ತಾರೆ. ಮೊದಮೊದಲು ನನಗೆ ಪರೀಕ್ಷೆಯ ಓದಿಗೆ ತೊಂದರೆಯೆಂದು ಬೇಸರವಾಗುತ್ತಿತ್ತು. ಈಗ ಹಾಗಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ, ಚಿಕ್ಕ ಅಕ್ಷರಗಳನ್ನೂ ಬಿಡದೆ ಓದುತ್ತೇನೆ, ತುಳುವಿನಲ್ಲಿ ಹೇಳುತ್ತೇನೆ, ಅವರು "ಹೌದು, ನಾನು ಹೇಳಿದ್ದು ಇದೇ" ಎಂದ ಮೇಲೆಯೇ ಪೆನ್ನನ್ನೋ ಶಾಯಿಯ ಡಬ್ಬಿಯನ್ನೋ ಮುಂದಿಡುತ್ತೇನೆ. ಅಜ್ಜನ ಆ ಎರಡು ಪುಟಗಳನ್ನು ನಾನು ಹುಡುಕಿ ತರಲಾರೆ. ಆದರೆ ಪದವಿಯ ಹೊಸ್ತಿಲಲ್ಲಿ ನಿಂತಿರುವ ನಾವು, ನಮ್ಮ ನಮ್ಮ ಕೇರಿಯಲ್ಲಿ ಓದದ ಕಾಗದಕ್ಕೆ ಇನ್ನೊಬ್ಬ ಅಜ್ಜನ ಹೆಬ್ಬೆಟ್ಟು ಬೀಳದಂತೆ ನೋಡಿಕೊಳ್ಳಬಹುದಲ್ಲವೇ?